ವಸಡು ಕಳಿಸುವ ನೋಟೀಸು

ಮಕ್ಕಳೇ, ಇವತ್ತು ಅಜ್ಜನನ್ನೋ ಅಜ್ಜಿಯನ್ನೋ ಒಂದು ಮಾತು ಕೇಳಿ: "ಹಲ್ಲುಜ್ಜುವಾಗ ರಕ್ತ ಬರುತ್ತದೆಯೇ?" ಮೂಡಿಗೆರೆಯಿರಲಿ, ಕಳಸವಿರಲಿ, ಹಿರಿಯರ ಉತ್ತರ ಬಹುಮಟ್ಟಿಗೆ ಹೀಗಿರುತ್ತದೆ: "ಸ್ವಲ್ಪ ಬರುತ್ತೆ ಮಗಾ, ನೋವೇನಿಲ್ಲ." ಆ ನೋವಿಲ್ಲದಿರುವುದೇ ಮೋಸ. ಹುಳುಕು ಹಲ್ಲು ರಾತ್ರಿಯೆಲ್ಲ ನಿದ್ದೆಗೆಡಿಸುತ್ತದೆ. ವಸಡಿನ ರೋಗ ಮಾತ್ರ ಕಟ್ಟದೆ ಬಿಟ್ಟ ಬಡ್ಡಿಯ ಹಾಗೆ ಸದ್ದಿಲ್ಲದೆ ಬೆಳೆಯುತ್ತದೆ. ರಕ್ತವೇ ಅದು ಕಳಿಸುವ ಮೊದಲ ನೋಟೀಸು.

ಮಳೆಗಾಲದಲ್ಲಿ ಅಂಗಳದ ಕಲ್ಲಿಗೆ ಹಾವಸೆ ಹತ್ತುವ ಹಾಗೆ, ಹಲ್ಲು ವಸಡು ಕೂಡುವ ಅಂಚಿನಲ್ಲಿ ದಿನವೂ ಬ್ಯಾಕ್ಟೀರಿಯಾಗಳ ಅಂಟು ಪದರ ಕೂರುತ್ತದೆ. ಉಜ್ಜಿದರೆ ಹೋಗುತ್ತದೆ. ಬಿಟ್ಟರೆ ಜೊಲ್ಲಿನ ಖನಿಜಾಂಶ ಸೇರಿ ಗಾರೆಯಂತೆ ಗಟ್ಟಿಯಾಗುತ್ತದೆ. ಆಮೇಲೆ ಬ್ರಷ್ಷಿಗೆ ಜಗ್ಗುವುದಿಲ್ಲ.

1965ರಲ್ಲಿ ಡೆನ್ಮಾರ್ಕಿನಲ್ಲಿ ಕೆಲಸ ಮಾಡುತ್ತಿದ್ದ ಹರಾಲ್ಡ್ ಲೋ ಮತ್ತು ಸಂಗಡಿಗರು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಆರೋಗ್ಯವಂತರಾದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. ಮೂರು ವಾರದೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜತೊಡಗಿದ ಸುಮಾರು ಒಂದು ವಾರದಲ್ಲಿ ಸರಿಹೋಯಿತು! ಆದ್ದರಿಂದ ರಕ್ತ ಬಂದ ಜಾಗವನ್ನು ಹೆದರಿ ಬಿಡಬಾರದು. ಅಲ್ಲಿಯೇ ಮೆತ್ತನೆಯ ಬ್ರಷ್ಷಿನಿಂದ ಹಗುರವಾಗಿ ಉಜ್ಜಬೇಕು.

ಅಲಕ್ಷ್ಯ ಮಾಡಿದರೆ ರೋಗ ಬೇರಿಗೆ ಇಳಿದು, ಹಲ್ಲನ್ನು ಹಿಡಿದಿರುವ ಮೂಳೆಯನ್ನೇ ಸವೆಸುತ್ತದೆ. ಕರಗಿದ ಮೂಳೆ ತಾನಾಗಿ ಮರಳಿ ಬರುವುದಿಲ್ಲ. ಬಾಯಿಯ ವಾಸನೆ, ವಸಡು ಇಳಿದು ಉದ್ದವಾಗಿ ಕಾಣುವ ಹಲ್ಲು, ಹೊಸದಾಗಿ ಬಿದ್ದ ಸಂದು, ಕೀವು, ಅಲುಗಾಟ ಇವೆಲ್ಲ ಅದರ ಗುರುತು.

ಬೀಡಿ, ಸಿಗರೇಟು ಸೇದುವವರಲ್ಲಿ ರಕ್ತ ಬರುವುದೇ ಕಡಿಮೆ. ರೋಗ ಮರೆಯಲ್ಲಿ ಬೆಳೆಯುತ್ತದೆ. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಒತ್ತಿಟ್ಟುಕೊಳ್ಳುವ ಜಾಗದಲ್ಲಿ ವಸಡು ಕೆಳಗಿಳಿಯುತ್ತದೆ. ಸಕ್ಕರೆ ಕಾಯಿಲೆಯಿದ್ದರೆ ವಸಡಿನ ರೋಗ ಜೋರಾಗುತ್ತದೆ. ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದೂ ಕಷ್ಟ.

ಹಿರಿಯರೇ, "ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ" ಎಂಬ ಭಯ ಬಿಡಿ. ಹಲ್ಲನ್ನು ಸಡಿಲ ಮಾಡುವುದು ರೋಗ. ಗಾರೆ ಹೋದಾಗ ಅದು ಮುಚ್ಚಿದ್ದ ಸಂದು ಕಾಣುತ್ತದೆ, ಅಷ್ಟೇ. ದಿನಕ್ಕೆ 2 ಸಲ, ಪ್ರತಿ ಸಲ 2 ನಿಮಿಷ ಉಜ್ಜಿ. ರಕ್ತ ಒಂದೆರಡು ವಾರದಲ್ಲಿ ನಿಲ್ಲದಿದ್ದರೆ, ಹಲ್ಲು ಅಲುಗಿದರೆ ಅಥವಾ ಕೀವು ಕಂಡರೆ ದಂತವೈದ್ಯರಿಗೆ ತೋರಿಸಿ.

ಮಕ್ಕಳೇ, ಅಜ್ಜನ ಜೊತೆ ನಿಂತು ನೀವೂ ಉಜ್ಜಿ. ಹಲಸಿನ ಹಪ್ಪಳ ಕರಿದಾಗ ಅವರ ತಟ್ಟೆಗೂ ಎರಡು ಬೀಳಲಿ.