ಎಸ್ಟೀಮ್‌ಗೆ ಮೊದಲು ಬ್ರೇಕು, ಆಮೇಲೆ ಪವರ್ರು

ಈ ಸಲ ಒಂದು ಪ್ರಶ್ನೆಯಿಂದ ಶುರು ಮಾಡೋಣ. ಕೈಯಲ್ಲಿ ಒಂದು ಲಕ್ಷ ರೂಪಾಯಿ ಇದೆ, ಶನಿವಾರ-ಭಾನುವಾರ ಬಿಡುವಿದೆ. ಓಡಿಸೋಕೆ ಮಜಾ ಕೊಡೋ ಒಂದು ಹಳೇ ಕಾರು ಬೇಕು, ಅದನ್ನು ನಿಮ್ಮ ಕೈಯಾರೆ ಸ್ವಲ್ಪ ಸ್ವಲ್ಪವಾಗಿ ತಿದ್ದಬೇಕು. ಯಾವ ಕಾರು ತಗೋತೀರಿ?

ಹೊರದೇಶದವರನ್ನು ಕೇಳಿದರೆ ಹೆಚ್ಚಿನವರು 1989ರಲ್ಲಿ ಬಂದ ಮಾಜ್ದಾ ಮಿಯಾಟಾ ಅಂತಾರೆ. ಎರಡೇ ಸೀಟು, ಹಗುರ ಮೈ, ಸಿಂಪಲ್ ಎಂಜಿನ್. ನಮ್ಮ ಶೋರೂಮ್‌ಗಳಿಗೆ ಅದು ಬರಲೇ ಇಲ್ಲ. ನಮ್ಮ ಪಾಲಿಗೆ ಬಂದಿದ್ದು ಮಾರುತಿ ಎಸ್ಟೀಮ್, ಹಳೇ ಬಲೆನೊ, ಜೆನ್, ಫಿಯಟ್ ಪಾಲಿಯೊ 1.6, ಹೊಂಡಾ ಸಿಟಿಯ ಮೊದಲ ವಿಟೆಕ್. ಇವು ಯಾವುವೂ ಸ್ಪೋರ್ಟ್ಸ್ ಕಾರ್ ಅಂತ ಹುಟ್ಟಿದ್ದಲ್ಲ. ಮನೆ ಮಂದಿಯನ್ನೆಲ್ಲ ಮದುವೆಗೆ ಕರ್ಕೊಂಡು ಹೋಗೋಕೆ ಹುಟ್ಟಿದ ಗಾಡಿಗಳು. ಆದರೂ ಮೈ ಹಗುರ, ಎಂಜಿನ್ ಚುರುಕು. ಹಾಗಾಗಿ ನಮ್ಮವರು ಅವನ್ನೇ ರ್‍ಯಾಲಿಗೂ ತಗೊಂಡು ಹೋದರು.

ನಮ್ಮೂರು ಆಲ್ದೂರು. ರ್‍ಯಾಲಿ ಅಂದರೆ ಇಲ್ಲಿ ಟೀವಿಯಲ್ಲಿ ನೋಡೋ ವಿಷಯ ಅಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ಒಳಗಿನ ಮಣ್ಣು ರಸ್ತೆಗಳಲ್ಲಿ ರಾಷ್ಟ್ರೀಯ ಮಟ್ಟದ ಸುತ್ತುಗಳು ನಡೆದಿವೆ. 2016ರಲ್ಲಿ ಏಷ್ಯಾ-ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಶಿಪ್‌ನ ಒಂದು ಸುತ್ತೇ ಇಲ್ಲಿಗೆ ಬಂದಿತ್ತು. ಆ ವರ್ಷದ ಚಾಂಪಿಯನ್ ಗೌರವ್ ಗಿಲ್‌ಗೆ 2019ರಲ್ಲಿ ಅರ್ಜುನ ಪ್ರಶಸ್ತಿಯೂ ಸಿಕ್ಕಿತು. ಮೋಟರ್ ಸ್ಪೋರ್ಟ್ಸ್‌ನಿಂದ ಆ ಪ್ರಶಸ್ತಿ ಪಡೆದ ಮೊದಲಿಗ ಅವರೇ. ಹೀಗಾಗಿ ನಮ್ಮ ಕಡೆ ಹುಡುಗರಿಗೆ ಕಾರ್ ಹುಚ್ಚು ಹಿಡಿಯೋದು ದೊಡ್ಡ ಆಶ್ಚರ್ಯ ಏನಲ್ಲ.

ನನ್ನ ಕೈಗೆ ಸಿಕ್ಕಿದ್ದು ದೊಡ್ಡಪ್ಪನ 2003ರ ಎಸ್ಟೀಮ್. ಕಣ್ಣು ಮಂಜಾದ ಮೇಲೆ ದೊಡ್ಡಪ್ಪ ಓಡಿಸೋದು ಬಿಟ್ಟರು. ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ ಗೊಬ್ಬರದ ಚೀಲಗಳ ಜೊತೆ ಅದು ಎರಡು ಮಳೆಗಾಲ ಕಳೆದಿತ್ತು. ಗುಜರಿಯವನು ಬಂದು ರೇಟು ಹೇಳಿ ಹೋಗಿದ್ದ. ದೊಡ್ಡಪ್ಪ ಹೇಳಿದ್ದು ಒಂದೇ ಮಾತು: "ಕೊಡೋದಾದ್ರೆ ನಾನು ಮನೇಲಿ ಇಲ್ದಾಗ ಕೊಡಿ."

ನಾನು ತಗೋತೀನಿ ಅಂದಾಗ ಅಪ್ಪ ನಕ್ಕರು. "ಎಂತಕ್ಕೆ ಮಾರಾಯ ಆ ಡಬ್ಬ? ಬೆಂಗಳೂರಲ್ಲಿ ಕೂತು ಕಂಪ್ಯೂಟರ್ ಒತ್ತೋನಿಗೆ ಇಲ್ಲಿ ಗ್ಯಾರೇಜ್ ಬೇರೆ ಕೇಡು." ಆಮೇಲೆ ಒಂದು ಷರತ್ತು ಹಾಕಿದರು. "ನಿನ್ನ ಅಮ್ಮನ್ನ ಕೂರಿಸ್ಕೊಂಡು ಚಾರ್ಮಾಡಿ ಇಳಿಯೋ ಹಾಗೆ ಮಾಡ್ತೀಯಾದ್ರೆ ಮಾಡು. ಬರೀ ಸೌಂಡ್ ಮಾಡೋಕಾದ್ರೆ ಬೇಡ."

ಅಮ್ಮನಿಗೆ ಮೂರು ತಿಂಗಳಿಗೊಮ್ಮೆ ಮಂಗಳೂರಿಗೆ ಚೆಕಪ್‌ಗೆ ಹೋಗಬೇಕು. ಮೂಡಿಗೆರೆ, ಕೊಟ್ಟಿಗೆಹಾರ ದಾಟಿದ ಮೇಲೆ ಘಾಟಿ. 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ತಿಂಗಳುಗಟ್ಟಲೆ ಬಂದ್ ಆಗಿದ್ದ ರಸ್ತೆ ಅದು. ಅಪ್ಪನ ಷರತ್ತು ಕೇಳೋಕೆ ಸಣ್ಣದು. ಇಡೀ ಪ್ರಾಜೆಕ್ಟಿನ ಸ್ಪೆಕ್ ಅದರಲ್ಲೇ ಬಂತು.

ದೊಡ್ಡಪ್ಪನ ಮಗನ ಸ್ಪೆಕ್ ಬೇರೆ. ಅವನು ಚಿಕ್ಕಮಗಳೂರಲ್ಲಿ ಡಿಗ್ರಿ ಓದ್ತಿದ್ದಾನೆ. "ಅಣ್ಣ, ಫ್ರೀ ಫ್ಲೋ ಸೈಲೆನ್ಸರ್ ಹಾಕ್ಸೋಣ, ಸಸ್ಪೆನ್ಷನ್ ಕೆಳಗೆ ಇಳ್ಸೋಣ, ಒಂದು ಟರ್ಬೊ ನೋಡೋಣ" ಅಂತ ಅವನ ಪಟ್ಟಿ. ನಾವಿಬ್ಬರೂ ಕೂತು ಎಂಜಿನ್‌ನಿಂದಲೇ ಲೆಕ್ಕ ಶುರು ಮಾಡಿದೆವು.

ಎಸ್ಟೀಮ್ ಬಂದಿದ್ದು 1994ರಲ್ಲಿ. ಮಾರುತಿ 1000ದ ಮೈಗೆ 1.3 ಲೀಟರ್ ಎಂಜಿನ್ ಕೂರಿಸಿದ್ದು. ಕಾರ್ಬುರೇಟರ್ ಇದ್ದಾಗ 65 ಬಿಎಚ್‌ಪಿ. ಆಮೇಲೆ ಹದಿನಾರು ವಾಲ್ವು, ಎಂಪಿಎಫ್‌ಐ ಬಂದು 85 ಆಯಿತು. ಕಾರಿನ ತೂಕ ಒಂಬೈನೂರು ಕಿಲೋ ಸುತ್ತಮುತ್ತ. ಈಗಿನ ಎಷ್ಟೋ ಎಸ್‌ಯುವಿಗಳಿಗಿಂತ ಮುನ್ನೂರು ಕಿಲೋ ಕಮ್ಮಿ. ಇದೇ ಜಿ13 ಕುಟುಂಬದ ಎಂಜಿನ್ ಜಿಪ್ಸಿಯಲ್ಲಿದೆ, ವರ್ಸಾದಲ್ಲಿದೆ, 2005ರಲ್ಲಿ ಬಂದ ಮೊದಲ ಪೆಟ್ರೋಲ್ ಸ್ವಿಫ್ಟ್‌ನಲ್ಲೂ ಇದೆ. ಮಲೆನಾಡಲ್ಲಿ ಜಿಪ್ಸಿ ರಿಪೇರಿ ಮಾಡಿದ ಕೈಗಳಿಗೆ ಕೊರತೆ ಇಲ್ಲ. ಹವ್ಯಾಸಕ್ಕೆ ಹಳೇ ಕಾರು ಹುಡುಕೋರು ಮೊದಲು ನೋಡಬೇಕಾದ್ದು ಇದನ್ನೇ: ಪಾರ್ಟ್ಸ್ ಸಿಗುತ್ತಾ, ಅದನ್ನು ಬಲ್ಲ ಮೆಕ್ಯಾನಿಕ್ ಹತ್ತಿರದಲ್ಲಿ ಇದ್ದಾರಾ?

ಅಂದರೆ ಪವರ್ ಕಂಪನಿಯವರೇ ಕೊಟ್ಟಿದ್ದಾರೆ. ಏರ್ ಫಿಲ್ಟರ್ ಬದಲಾಯಿಸಿ, ಸೈಲೆನ್ಸರ್ ಬದಲಾಯಿಸಿ ಸಿಗೋದು ಸದ್ದು ಜಾಸ್ತಿ, ಶಕ್ತಿ ಕಮ್ಮಿ. ಇನ್ನು ಟರ್ಬೊ ಹಾಕಿದರೆ ಪಿಸ್ಟನ್, ಫ್ಯೂಯಲ್, ಕೂಲಿಂಗ್, ಕ್ಲಚ್, ಗೇರ್‌ಬಾಕ್ಸ್ ಎಲ್ಲವನ್ನೂ ಅದಕ್ಕೆ ತಕ್ಕಂತೆ ಮಾಡಬೇಕು. ನಮ್ಮ ಬಜೆಟ್ ಅಲ್ಲಿಗೇ ಮುಗೀತು.

ಆಮೇಲೆ ತಮ್ಮನಿಗೆ ಒಂದು ಲೆಕ್ಕ ಹಾಕಿ ತೋರಿಸಿದೆ. ಜನ, ಬ್ಯಾಗು ಸೇರಿ ಕಾರಿನ ತೂಕ ಸಾವಿರ ಕಿಲೋ ಅಂತಿಟ್ಟುಕೊಳ್ಳಿ. ನೂರು ಮೀಟರ್ ಎತ್ತರ ಕೆಳಗಿಳಿದರೆ ಬಿಡುಗಡೆಯಾಗೋ ಶಕ್ತಿ ಸುಮಾರು 10 ಲಕ್ಷ ಜೂಲ್. ಕೊಡದಲ್ಲಿರೋ ಮೂರು ಲೀಟರ್ ನೀರನ್ನು ಕುದಿಯೋವರೆಗೆ ಕಾಯಿಸೋಕೆ ಹೆಚ್ಚೂಕಮ್ಮಿ ಅಷ್ಟೇ ಶಕ್ತಿ ಬೇಕು. ಸ್ಪೀಡ್ ಏರದ ಹಾಗೆ ಬರೀ ಬ್ರೇಕ್ ಒತ್ತಿಕೊಂಡೇ ಇಳಿದರೆ ಈ ಬಿಸಿಯಲ್ಲಿ ದೊಡ್ಡ ಪಾಲು ಹೋಗೋದು ಡಿಸ್ಕಿಗೆ, ಡ್ರಮ್ಮಿಗೆ. ಘಾಟಿ ಇಳಿಯೋದು ಅಂದರೆ ಇಂಥ ನೂರು ಮೀಟರ್‌ಗಳು ಒಂದರ ಹಿಂದೆ ಒಂದು. ಸ್ಪೀಡಿನದ್ದು ಇನ್ನೂ ಕಷ್ಟದ ಲೆಕ್ಕ. 40ರಲ್ಲಿ ಹೋಗ್ತಿದ್ದ ಕಾರು 80ರಲ್ಲಿ ಹೋದರೆ ನಿಲ್ಲಿಸೋಕೆ ಬ್ರೇಕು ನುಂಗಬೇಕಾದ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟು.

ಈಗ ಬ್ರೇಕ್ ಆಯಿಲ್‌ಗೆ ಬನ್ನಿ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ಡಾಟ್ 4 ಆದರೆ 230 ಡಿಗ್ರಿವರೆಗೆ. ಆದರೆ ಈ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ. ನೀರು ಸೇರಿದ ಮೇಲೆ ಅದೇ ಮಿತಿ ಡಾಟ್ 3ಕ್ಕೆ 140, ಡಾಟ್ 4ಕ್ಕೆ 155ಕ್ಕೆ ಇಳಿಯುತ್ತೆ. ಮೆಣಸಿನ ಬಳ್ಳಿಗೂ ಪಾಚಿ ಕಟ್ಟೋ ನಮ್ಮ ಊರಲ್ಲಿ ತೇವಕ್ಕೇನು ಬರ. ಆಯಿಲ್ ಕುದ್ದರೆ ಪೈಪಿನಲ್ಲಿ ಆವಿ ಆಗುತ್ತೆ. ಆವಿ ಒತ್ತಿದರೆ ಕುಗ್ಗುತ್ತೆ. ಪೆಡಲ್ ನೆಲಕ್ಕೆ ಹೋಗುತ್ತೆ, ಕಾರು ನಿಲ್ಲಲ್ಲ. ಸಮತಟ್ಟು ರಸ್ತೆಯಲ್ಲಿ ವರ್ಷಗಟ್ಟಲೆ ಸರಿಯಿದ್ದ ಬ್ರೇಕು ಘಾಟಿಯ ಅರ್ಧದಲ್ಲಿ ಕೈಕೊಡೋದು ಹೀಗೆ.

ತಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾದ್ರೆ ಬ್ರೇಕಿಂದ್ಲೇ ಶುರು ಮಾಡೋಣ, ಸೈಲೆನ್ಸರ್ ಆಮೇಲೆ" ಅಂದ. "ಆಮೇಲೆ" ಅನ್ನೋದನ್ನ ಒತ್ತಿ ಹೇಳಿದ.

ನಾವು ಇಟ್ಟುಕೊಂಡ ಕ್ರಮ ಹೀಗಿದೆ. ನಿಮ್ಮದು ಯಾವ ಹಳೇ ಕಾರೇ ಇರಲಿ, ಇದು ಉಪಯೋಗಕ್ಕೆ ಬರುತ್ತೆ.

ಮೊದಲನೇದು ತುಕ್ಕು. ಕಾರನ್ನು ಲಿಫ್ಟಿಗೆ ಹತ್ತಿಸಿ ಅಡಿಭಾಗವನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿದೆವು. ಬಾಗಿಲ ಕೆಳಗಿನ ಪಟ್ಟಿಯಲ್ಲಿ ಎರಡು ಕಡೆ ತೂತು ಬಿತ್ತು. ಸಸ್ಪೆನ್ಷನ್ ಕೂರೋ ಜಾಗ ಗಟ್ಟಿಯಿತ್ತು. ಅದು ಹೋಗಿದ್ದರೆ ಪ್ರಾಜೆಕ್ಟ್ ಅವತ್ತೇ ಕೈಬಿಡ್ತಿದ್ದೆವು. ಟಿಂಕರಿಂಗ್, ಅಡಿಗೆ ಕೋಟಿಂಗ್ ಸೇರಿ 22,000 ಆಯಿತು.

ಎರಡನೇದು ರಬ್ಬರ್. ಟೈಮಿಂಗ್ ಬೆಲ್ಟ್, ರೇಡಿಯೇಟರ್ ಹೋಸ್, ಬುಶ್‌ಗಳು, ಎಂಜಿನ್ ಮೌಂಟ್. ಕಿಲೋಮೀಟರ್ ಓಡಲಿ ಬಿಡಲಿ, ರಬ್ಬರಿಗೆ ವಯಸ್ಸಾಗುತ್ತೆ. ಇಲಿ ಕಡಿದ ವೈರುಗಳ ಕೆಲಸವೂ ಸೇರಿ 19,000.

ಮೂರನೇದು ಬ್ರೇಕು. ಮುಂದಿನ ಡಿಸ್ಕ್, ಪ್ಯಾಡ್, ಹಿಂದಿನ ಡ್ರಮ್ಮಿನ ಶೂ, ವೀಲ್ ಸಿಲಿಂಡರ್, ರಬ್ಬರ್ ಹೋಸ್‌ಗಳು, ಡಾಟ್ 4 ಆಯಿಲ್. 14,000.

ನಾಲ್ಕನೇದು ಟೈರು. ಹಳೇವು ನೋಡೋಕೆ ಚೆನ್ನಾಗೇ ಇದ್ದವು, ಗುಂಡಿ ಆಳವಾಗಿತ್ತು. ಆದರೆ ಪಕ್ಕದ ಗೋಡೆಯಲ್ಲಿ ಬಿರುಕು. ಟೈರಿನ ಮೈಮೇಲೆ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಅದನ್ನು ಓದಿ ನೋಡಿ. ಕಂಪನಿ ಹೇಳಿದ ಸೈಜಿನದ್ದೇ ನಾಲ್ಕು ಹೊಸದಕ್ಕೆ 15,000.

ಐದನೇದು ಶಾಕ್ ಅಬ್ಸಾರ್ಬರ್. ಕೆಳಗಿಳಿಸೋ ಮಾತೇ ಇಲ್ಲ. ತೋಟದ ರಸ್ತೆಯಲ್ಲಿ ಕಲ್ಲಿಗೆ ಎಂಜಿನ್ ಆಯಿಲ್ ಚೇಂಬರ್ ತಾಗಿದರೆ ಮುಗೀತು. ಇದು ಇನ್ನೂ ಬಾಕಿ. ಪವರ್ ಪಟ್ಟಿಯ ಕೊನೆಯಲ್ಲಿದೆ.

ಇದರಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಬ್ರೇಕ್ ಬ್ಲೀಡ್ ಮಾಡಿದ ಭಾನುವಾರ. ಅದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಕೂತು ನಿಪ್ಪಲ್ ತಿರುವಬೇಕು. ತಮ್ಮನಿಗೆ ಪರೀಕ್ಷೆ, ಅವನು ಬರಲಿಲ್ಲ. ಅಪ್ಪ ಪಂಚೆ ಎತ್ತಿಕಟ್ಟಿ ಸೀಟಲ್ಲಿ ಕೂತರು. "ಒತ್ತಿ ಅಪ್ಪ... ಹಂಗೇ ಹಿಡ್ಕೊಳ್ಳಿ... ಹಾಂ, ಈಗ ಬಿಡಿ." ದೂರದ ಚಕ್ರದಿಂದ ಶುರು ಮಾಡಿ ಒಂದೊಂದೇ ಚಕ್ರ. ಮೊದಲು ಬಂದ ಆಯಿಲ್ ಸ್ಟ್ರಾಂಗ್ ಡಿಕಾಕ್ಷನ್ ಬಣ್ಣಕ್ಕಿತ್ತು. ಕೊನೆಗೆ ಎಳೇ ಜೇನಿನ ಬಣ್ಣ ಬಂತು. ಅಪ್ಪ ಇಳಿದು ಬಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಇದನ್ನ ಹಾಕ್ಕೊಂಡು ನಿನ್ನ ದೊಡ್ಡಪ್ಪ ಧರ್ಮಸ್ಥಳಕ್ಕೆ ಹೋಗಿ ಬರ್ತಿದ್ದಾನಾ?" ಅಂದರು. ಮಧ್ಯಾಹ್ನ ಊಟ ಆದ ಮೇಲೆ ಕರೆಯದೇನೇ ಬಂದು, "ಇನ್ನೆಂತ ಇದೆ ಕೆಲ್ಸ?" ಅಂತ ಕೇಳಿದರು.

ಇನ್ನು ಕಾನೂನು. ಇದನ್ನು ಬಿಟ್ಟು ಮಾಡಿಫಿಕೇಶನ್ ಬಗ್ಗೆ ಬರೆದರೆ ನಿಮಗೇ ತೊಂದರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ಎಂಜಿನ್ ಬದಲಾಯಿಸಿದರೆ ಆರ್‌ಟಿಓ ಅನುಮತಿ, ಆರ್‌ಸಿಯಲ್ಲಿ ನಮೂದು ಬೇಕೇಬೇಕು. ಇನ್ಶೂರೆನ್ಸ್‌ನವರಿಗೆ ತಿಳಿಸದೆ ಗಾಡಿ ಬದಲಾಯಿಸಿದ್ದರೆ ಅಪಘಾತವಾದ ದಿನ ಕ್ಲೇಮ್ ಕೈಗೆ ಸಿಗದೇ ಹೋಗಬಹುದು. ನಾವು ಮಾಡಿದ ಕೆಲಸ ಎಲ್ಲ ಅದೇ ಮಾದರಿಯ ಹೊಸ ಬಿಡಿಭಾಗ ಹಾಕಿದ್ದು, ಅಷ್ಟೇ.

ಹಳೇ ಕಾರಿಗೆ ಇನ್ನೊಂದು ಖರ್ಚೂ ಇದೆ. ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ, ಜೊತೆಗೆ ಗ್ರೀನ್ ಟ್ಯಾಕ್ಸ್. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 5,000. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ಮಾಡಿದರು. ನಮ್ಮದು 2028ಕ್ಕೆ ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಕಾರು ಕೊಳ್ಳೋ ಮುಂಚೆ ಈ ದುಡ್ಡನ್ನೂ ಲೆಕ್ಕಕ್ಕೆ ಹಿಡಿಯಿರಿ.

"ಮತ್ತೆ ಮಜಾ ಎಲ್ಲಿ?" ಅಂತ ಕೇಳಬಹುದು. ತಮ್ಮನೂ ಕೇಳಿದ. ಗ್ರಿಪ್ ಇರೋ ಟೈರು, ಸಡಿಲ ಇಲ್ಲದ ಸ್ಟೀರಿಂಗು, ನಂಬೋಕಾಗೋ ಬ್ರೇಕು, ಒಂಬೈನೂರು ಕಿಲೋ ಮೈ, 85 ಬಿಎಚ್‌ಪಿ. ಮಾಗುಂಡಿ ಕಡೆ ಬೆಳಿಗ್ಗೆ ಆರಕ್ಕೆ ಮೂರನೇ ಗೇರಲ್ಲಿ 50ರಲ್ಲಿ ಹೋದರೂ ಮಜಾ ಬರುತ್ತೆ. ಸ್ಪರ್ಧೆಯೇ ಬೇಕಾದರೆ ಟಿಎಸ್‌ಡಿ ರ್‍ಯಾಲಿಗಳಿವೆ. ಕೊಟ್ಟ ಸರಾಸರಿ ವೇಗದಲ್ಲಿ, ಕೊಟ್ಟ ಸಮಯಕ್ಕೆ ಸರಿಯಾಗಿ ತಲುಪಬೇಕು. ತಡವಾದರೂ ದಂಡ, ಬೇಗ ಬಂದರೂ ದಂಡ. ನಮ್ಮಂಥ ಲೆಕ್ಕದ ಹುಡುಗರಿಗೆ ಹೇಳಿ ಮಾಡಿಸಿದ ಆಟ. ಜೋರಾಗಿ ಓಡಿಸೋ ರ್‍ಯಾಲಿ ನಡೆಯೋದು ಬಂದ್ ಮಾಡಿದ ರಸ್ತೆಯಲ್ಲಿ, ರೋಲ್ ಕೇಜ್, ಹೆಲ್ಮೆಟ್ಟು, ಆಂಬ್ಯುಲೆನ್ಸ್ ಇಟ್ಟುಕೊಂಡು. ನಮ್ಮ ತಿರುವಿನಾಚೆ ಇರೋದು ಸ್ಕೂಲ್ ವ್ಯಾನು, ಇಲ್ಲಾಂದ್ರೆ ಹಾಲಿನ ಗಾಡಿ.

ಒಟ್ಟು ಖರ್ಚು 70,000. ಉಳಿದ 30,000 ಶಾಕ್ ಅಬ್ಸಾರ್ಬರ್‌ಗೆ. ಹೋದ ತಿಂಗಳು ಅಮ್ಮನನ್ನು ಕೂರಿಸಿಕೊಂಡು ಚಾರ್ಮಾಡಿ ಇಳಿದೆವು, ಹೆಚ್ಚು ಹೊತ್ತು ಎರಡನೇ ಗೇರಿನಲ್ಲಿ, ಎಂಜಿನ್ನೇ ಗಾಡಿ ಹಿಡಿಯೋ ಹಾಗೆ. ಅಮ್ಮ ಕೊಟ್ಟಿಗೆಹಾರದಲ್ಲಿ ನಿದ್ದೆ ಹೋದವರು ಉಜಿರೆಯಲ್ಲಿ ಎದ್ದು, "ಘಾಟಿ ಬಂತಾ?" ಅಂತ ಕೇಳಿದರು.

ಸೈಲೆನ್ಸರ್ ವಿಷಯ ತಮ್ಮ ಇನ್ನೂ ಬಿಟ್ಟಿಲ್ಲ. ಮುಂದಿನ ಸಲ ಶಾಕ್ ಅಬ್ಸಾರ್ಬರ್ ಕತೆ ಬರೀತೀನಿ. ಅಷ್ಟರಲ್ಲಿ ನಿಮ್ಮ ಕಾರಿನ ಬ್ರೇಕ್ ಆಯಿಲ್ ಬದಲಾಯಿಸಿ ಎರಡು ವರ್ಷ ದಾಟಿದೆಯಾ, ಸರ್ವಿಸ್ ಬುಕ್ ತೆಗೆದು ಒಮ್ಮೆ ನೋಡಿ.