ಸ್ವಯಂಸೇವಕರ ಪ್ರಶ್ನೆಗೆ ಉತ್ತರ ಬೇಕು

ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗೆ ವಿದ್ಯೆಯ ಬಾಗಿಲು ತೆರೆದವು. ಹಗಲು ಕಚೇರಿಯಲ್ಲಿ ದುಡಿದು ಇರುಳು ಪಾಠ ಹೇಳಿದವರ ನಿಷ್ಠೆಯೇ ಅವುಗಳ ಮೂಲಧನ. ಕಾಲ ಬದಲಾಯಿತು, ಅವುಗಳಲ್ಲಿ ಹೆಚ್ಚಿನವು ಮುಚ್ಚಿದವು. ಅಗತ್ಯ ಬದಲಾದಾಗ ಸಂಸ್ಥೆಯೂ ಬದಲಾಗಬೇಕಾದುದು ಸಹಜ. ಸಂಘದ ಸೇವಾ ವಿಭಾಗವನ್ನು ಪ್ರತ್ಯೇಕ ವಿಶ್ವಸ್ತ ಮಂಡಳಿಗೆ ವಹಿಸುವುದಾಗಲಿ, ಸಂಬಳದ ಸಿಬ್ಬಂದಿಯನ್ನು ನೇಮಿಸುವುದಾಗಲಿ ತಪ್ಪಲ್ಲ. ಆದರೆ ಆ ಸುದ್ದಿ ಕಾರ್ಯಕರ್ತರಿಗೆ ಸೂಚನಾಫಲಕದಿಂದ ತಿಳಿಯುವುದು ಸರಿಯಲ್ಲ.

ವಿಶ್ವಸ್ತರು ಬದಲಾದರೆ 90 ದಿನಗಳೊಳಗೆ ಧರ್ಮಾದಾಯ ಆಯುಕ್ತರಿಗೆ ವರದಿ ಸಲ್ಲಿಸಬೇಕೆಂದು ಮಹಾರಾಷ್ಟ್ರದ 1950ರ ಸಾರ್ವಜನಿಕ ನ್ಯಾಸ ಕಾಯಿದೆ ವಿಧಿಸುತ್ತದೆ. ವರ್ಷಗಟ್ಟಲೆ ಕುರ್ಚಿ ಹಾಕಿದ, ಚಂದಾ ಎತ್ತಿದ, ರೋಗಿಯ ಜೊತೆ ಆಸ್ಪತ್ರೆಗೆ ಅಲೆದ ಸ್ವಯಂಸೇವಕರಿಗೆ ಎಂದು ತಿಳಿಸಬೇಕೆಂಬುದನ್ನು ಹೇಳಬೇಕಾದುದು ನಮ್ಮ ಅಂತಃಸಾಕ್ಷಿ.

ಅವರ ಪ್ರಶ್ನೆಗಳು ಮೂರೇ: ನಮ್ಮ ಕೆಲಸ ಉಳಿಯುವುದೇ? ನಾವು ಕೂಡಿಸಿದ ನಿಧಿ ಅದೇ ಉದ್ದೇಶಕ್ಕೆ ಸಲ್ಲುವುದೇ? ನಿರ್ಧಾರದಲ್ಲಿ ನಮ್ಮ ಮಾತಿಗೆ ಸ್ಥಾನವಿದೆಯೇ? ಇವನ್ನು ಕೇಳಿದವರನ್ನು ವಿರೋಧಿಗಳೆಂದು ಬಗೆಯುವುದು ಅನ್ಯಾಯ. ಏನನ್ನೂ ಕೇಳದೆ ಮನೆಗೆ ಹೋದವರೇ ಸಂಘಕ್ಕಾದ ನಷ್ಟ.

ಪದಾಧಿಕಾರಿಗಳು ಠರಾವಿಗೆ ಮೊದಲೇ ಸಭೆ ಕರೆಯಲಿ. ನಿಧಿಯ ಲೆಕ್ಕವನ್ನು ಮುಂದಿಡಲಿ. ಉತ್ತರಗಳನ್ನು ಬರಹದಲ್ಲಿ ಕೊಡಲಿ. ನಿರ್ಧಾರವಾಗದ ವಿಷಯವನ್ನು ನಿರ್ಧಾರವಾಗಿಲ್ಲವೆಂದೇ ಹೇಳಲಿ. ಈಡೇರಿಸಲಾಗದ ಭರವಸೆ ಬೇಡ. ಸ್ವಯಂಸೇವಕರೂ ಅಷ್ಟೆ, ಮುನಿಸಿಕೊಂಡು ದೂರ ಸರಿಯದೆ ಸಭೆಗೆ ಬಂದು ಕೇಳಲಿ. ಹೊರನಾಡಿನಲ್ಲಿ ಸಂಘದ ಆಸ್ತಿ ಕಟ್ಟಡಕ್ಕಿಂತ ಮಿಗಿಲಾಗಿ ಈ ಜನರೇ.