ಊಟದ ಕೋಣೆಯ ನವಿಲುಗಳು

ಮಗಳ ಹೊಸ ಫ್ಲ್ಯಾಟಿಗೆ ಬಣ್ಣ ಹೊಡೆಯಲು ಬಂದ ಪೇಂಟರು ಎರಡನೆಯ ಸಲ ಪುಟ್ಟಿ ಉಜ್ಜಿ ಮುಗಿಸಿ, ಕೈ ಒರೆಸಿಕೊಳ್ಳುತ್ತ ಕೇಳಿದರು: “ಡೈನಿಂಗಲ್ಲಿ ಹೈಲೈಟ್ ಯಾವ ಗೋಡೆಗೆ ಸಾರ್?” ಹೈಲೈಟ್ ಬೇಕೇ ಬೇಡವೇ ಎಂದು ಅವರು ಕೇಳಲಿಲ್ಲ. ಮೂರು ಗೋಡೆಗೆ ಕೆನೆಬಣ್ಣ, ನಾಲ್ಕನೆಯದಕ್ಕೆ ಗಾಢವಾದದ್ದೊಂದು, ಅದರ ಮೇಲೊಂದು ಚಿತ್ರ. ಗೃಹಪ್ರವೇಶದ ದಿನ ಹಾಲುಕ್ಕಿಸುವಷ್ಟೇ ಇದೂ ಈಗ ಬೆಂಗಳೂರಿನಲ್ಲಿ ಖಾಯಂ. ಮಗಳು ಶೇಡ್ ಕಾರ್ಡ್ ಬಿಡಿಸಿ ನವಿಲುನೀಲಿಯ ಮೇಲೆ ಬೆರಳಿಟ್ಟಳು. ನವಿಲು ಎಂದ ಕೂಡಲೇ ನನಗೆ ಲಂಡನ್ನಿನ ಒಂದು ಊಟದ ಕೋಣೆ ನೆನಪಾಗಿ ಮಾತಿಗೆ ತೊಡಗಿದೆ. ಆ ದಿನ ಅವರ ಕೆಲಸ ಮುಂದಕ್ಕೆ ಹೋಗಲಿಲ್ಲ.

ನಮ್ಮ ಹಿರಿಯರಿಗೆ ಈ ತಾಪತ್ರಯ ಇರಲಿಲ್ಲ. ಊಟಕ್ಕೆ ಕೂರುವುದು ನೆಲದ ಮೇಲೆ, ಗೋಡೆಗೆ ಬೆನ್ನು ಕೊಟ್ಟು. ಎದುರಿಗೆ ಇನ್ನೊಂದು ಪಂಕ್ತಿ. ಕಣ್ಣಿಗೆ ಬೀಳುವುದು ಎದುರಿನವರ ಮುಖ, ತಪ್ಪಿದರೆ ಬಡಿಸುವವರ ಕಾಲು. ಹಾಗಾಗಿ ಅಲಂಕಾರವೆಲ್ಲ ನೆಲಕ್ಕಿಳಿದಿತ್ತು. ಮದುವೆಯ ಭೂಮದ ಊಟದಲ್ಲಿ ಎಲೆಯ ಸುತ್ತ ರಂಗೋಲಿ ಹರಡುವುದನ್ನು ನೋಡಿದವರಿಗೆ ಇದು ಗೊತ್ತು. ಎಲೆ ಎತ್ತಿ ನೆಲ ಒರೆಸಿದರೆ ಅದರ ಆಯುಸ್ಸು ಮುಗಿಯಿತು. ಮೇಜು ಕುರ್ಚಿ ಬಂದು ನಾವು ಒಂದೂವರೆ ಅಡಿ ಮೇಲೇರಿದೆವು ನೋಡಿ, ಆಗ ಗೋಡೆ ಕಣ್ಣಿಗೆ ಬಿತ್ತು. ಬಿದ್ದ ಮೇಲೆ ಬರಿದಾಗಿ ಬಿಡಲು ಮನಸ್ಸು ಒಪ್ಪುತ್ತದೆಯೇ?

ಗೋಡೆಗೆ ಬಣ್ಣ ಕಟ್ಟುವುದು ನಮಗೇನೂ ಹೊಸದಲ್ಲ. ಸಾಗರ, ಸೊರಬದ ಕಡೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿನಾರಿನ ಕುಂಚ ಹಿಡಿದು ಹಸೆ ಚಿತ್ತಾರ ಬರೆಯುತ್ತಾರೆ. ಅಳತೆಪಟ್ಟಿ ಇಟ್ಟು ಎಳೆದರೂ ಅಷ್ಟು ನೇರ ಬರಲಿಕ್ಕಿಲ್ಲ ಎನ್ನುವಂಥ ಗೆರೆಗಳು. ಇವತ್ತಿನ ಪೇಂಟರ ಭಾಷೆಯಲ್ಲಿ ಅದೂ ಹೈಲೈಟ್ ಗೋಡೆಯೇ. ಆದರೆ ಅದರ ಮುಂದೆ ಮದುಮಕ್ಕಳನ್ನು ಕೂರಿಸುತ್ತಾರೆ. ಚಿತ್ತಾರ ಅವರ ಬೆನ್ನಿಗಿರುತ್ತದೆ. ನೋಡುವವರ ಕಣ್ಣು ಗೋಡೆಯಿಂದ ಜಾರಿ ಮದುಮಕ್ಕಳ ಮೇಲೆ ನಿಲ್ಲುತ್ತದೆ. ಲಂಡನ್ನಿನಲ್ಲಿ ಆದದ್ದು ಇದರ ಉಲ್ಟಾ.

ಲಿವರ್‌ಪೂಲಿನ ಹಡಗು ಮಾಲೀಕ ಫ್ರೆಡರಿಕ್ ಲೇಲ್ಯಾಂಡ್ ಕೈಯಾರೆ ದುಡಿದು ಮೇಲೆ ಬಂದವನು. ಲಂಡನ್ನಿನ ಪ್ರಿನ್ಸಸ್ ಗೇಟ್‌ನಲ್ಲಿ 49ನೆಯ ನಂಬರಿನ ಮನೆ ಕೊಂಡ. ಬಿಳಿಯ ಮೇಲೆ ನೀಲಿ ಚಿತ್ತಾರದ ಚೀನೀ ಪಿಂಗಾಣಿಯ ಹುಚ್ಚು ಅವನಿಗೆ. ಅದನ್ನೆಲ್ಲ ಊಟದ ಕೋಣೆಯಲ್ಲಿ ಜೋಡಿಸಬೇಕೆಂಬ ಆಸೆ. ಥಾಮಸ್ ಜೆಕಿಲ್ ಎಂಬ ವಾಸ್ತುಶಿಲ್ಪಿ ಅದಕ್ಕೆಂದೇ ವಾಲ್‌ನಟ್ ಮರದ ತೆಳ್ಳನೆಯ ಶೆಲ್ಫುಗಳನ್ನು ಕಟ್ಟಿ, ಹಿಂದಿನ ಗೋಡೆಗೆ ಹೂಬಳ್ಳಿಯ ಹಳೆಯ ಚರ್ಮದ ಹೊದಿಕೆ ಹಾಕಿಸಿದ. ಬೆಂಕಿಗೂಡಿನ ಮೇಲೆ ಜೇಮ್ಸ್ ವಿಸ್ಲರ್ ಎಂಬ ಕಲಾವಿದ ಬರೆದಿದ್ದ, ಕಿಮೋನೊ ತೊಟ್ಟ ‘ಪಿಂಗಾಣಿ ನಾಡಿನ ರಾಜಕುಮಾರಿ’. ಅಷ್ಟರಲ್ಲಿ ಜೆಕಿಲ್ ಕಾಯಿಲೆ ಬಿದ್ದ. ಬಾಗಿಲು, ಕಿಟಕಿಗಳಿಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಲೇಲ್ಯಾಂಡ್ ವಿಸ್ಲರನನ್ನು ಕೇಳಿದ. ಚರ್ಮದ ಮೇಲಿನ ಕೆಂಪು ಹೂಗಳು ತನ್ನ ರಾಜಕುಮಾರಿಗೆ ಹೊಂದುವುದಿಲ್ಲ, ಸ್ವಲ್ಪ ತಿದ್ದಿಬಿಡುತ್ತೇನೆ ಎಂದ ವಿಸ್ಲರ್. ಆಗಲಿ ಎಂದು ಹೇಳಿ ಲೇಲ್ಯಾಂಡ್ ಲಿವರ್‌ಪೂಲಿಗೆ ಹೋದ. ಮನೆಯ ಬೀಗದ ಕೈ ಪೇಂಟರಿಗೆ ಕೊಟ್ಟು ಊರಿಗೆ ಹೋದ ಯಾರಿಗಾದರೂ ಮುಂದಿನದ್ದನ್ನು ಹೇಳಬೇಕಾಗಿಲ್ಲ.

1876ರ ಬೇಸಿಗೆಯಲ್ಲಿ ಶುರುವಾದ ಆ ‘ಸ್ವಲ್ಪ’ ಮರುವರ್ಷದವರೆಗೂ ನಡೆಯಿತು. ಕಿಟಕಿಯ ಕದಗಳ ಮೇಲೆ ಚಿನ್ನದ ನವಿಲುಗಳು ಬಂದವು, ಛಾವಣಿಗೆ ನವಿಲುಗರಿಯ ಕಣ್ಣುಗಳು ಹತ್ತಿದವು. ಕೊನೆಗೆ ಚರ್ಮದ ಹೊದಿಕೆಯ ಮೇಲೆಯೇ ಪ್ರಷ್ಯನ್ ನೀಲಿ ಬಳಿದದ್ದಾಯಿತು. ಯಜಮಾನ ಊರಲ್ಲಿಲ್ಲದಾಗ ಪತ್ರಕರ್ತರನ್ನೂ ಗೆಳೆಯರನ್ನೂ ಕರೆದು ತೋರಿಸಿದ್ದೂ ಆಯಿತು. ವಿಸ್ಲರ್ ಕೇಳಿದ್ದು 2,000 ಗಿನಿ. ಲೇಲ್ಯಾಂಡ್ ಅರ್ಧ ಕೊಟ್ಟ, ಅದೂ ಗಿನಿಯಲ್ಲಲ್ಲ, ಪೌಂಡಿನಲ್ಲಿ. ಗಿನಿಗೆ 21 ಷಿಲ್ಲಿಂಗ್, ಪೌಂಡಿಗೆ 20. ಕಲಾವಿದರಿಗೆ, ವೈದ್ಯರಿಗೆ ಗಿನಿಯಲ್ಲಿ ಕೊಡುವುದು ಮರ್ಯಾದೆ, ಅಂಗಡಿಯವನಿಗೆ ಪೌಂಡು. ಕೈತಪ್ಪಿದ ಸಾವಿರಕ್ಕಿಂತ ಆ ಒಂದೊಂದು ಷಿಲ್ಲಿಂಗೇ ವಿಸ್ಲರನ ಹೊಟ್ಟೆ ಉರಿಸಿತೆಂದು ಕಾಣುತ್ತದೆ.

ರಾಜಕುಮಾರಿಯ ಎದುರಿನ ಗೋಡೆ ಇನ್ನೂ ಖಾಲಿ ಇತ್ತು. ಅಲ್ಲಿ ಕಾದಾಡುವ ಎರಡು ನವಿಲುಗಳನ್ನು ಬರೆದ. ಒಂದರ ಕಾಲ ಬಳಿ ನಾಣ್ಯಗಳು, ಕೊರಳಲ್ಲಿ ಲೇಲ್ಯಾಂಡನ ನೆರಿಗೆಯಂಗಿಯನ್ನು ಅಣಕಿಸುವ ಬೆಳ್ಳಿ ಗರಿಗಳು. ಇನ್ನೊಂದರ ತಲೆಯಲ್ಲಿ ಒಂಟಿ ಬೆಳ್ಳಿ ತುರಾಯಿ. ವಿಸ್ಲರನ ಕರಿಗೂದಲಿನ ನಡುವೆ ಒಂದು ಬಿಳಿ ಎಳೆ ಇತ್ತು. ಆ ಚಿತ್ರಕ್ಕೆ ‘ಕಲೆ ಮತ್ತು ಹಣ’ ಎಂದೇ ಹೆಸರಿಟ್ಟ. ನನಗೆ ಆಶ್ಚರ್ಯ ವಿಸ್ಲರನ ಮೇಲಲ್ಲ, ಲೇಲ್ಯಾಂಡನ ಮೇಲೆ. ಎರಡು ದಿನದಲ್ಲಿ ಅದನ್ನು ಸುಣ್ಣ ಬಳಿದು ಮುಚ್ಚಿಸಬಹುದಿತ್ತು. ಮುಚ್ಚಿಸಲಿಲ್ಲ. 1892ರಲ್ಲಿ ಸಾಯುವವರೆಗೆ ತನ್ನನ್ನೇ ಅಣಕಿಸುವ ಗೋಡೆಯ ಜೊತೆ ಹದಿನೈದು ವರ್ಷ ಬಾಳಿದ. ದುಡ್ಡಿದ್ದವನಿಗೆ ಚಿತ್ರ ಕಾಣುವ ಕಣ್ಣೂ ಇತ್ತು ಎನ್ನದೆ ವಿಧಿಯಿಲ್ಲ. ಪಾಪ, ಹೆಸರು ಕಳೆದುಕೊಂಡವನು ಜೆಕಿಲ್. ಕೋಣೆ ನೋಡಿಯೇ ಅವನಿಗೆ ಬುದ್ಧಿಭ್ರಮಣೆಯಾಯಿತು ಎಂಬ ಕತೆಯನ್ನು ನಂಬಬೇಡಿ, ಕಾಯಿಲೆ ಮೊದಲೇ ಹಿಡಿದಿತ್ತು; ಅವನು ತೀರಿಕೊಂಡದ್ದು 1881ರಲ್ಲಿ.

ಆ ಕೋಣೆಯನ್ನು ಅಮೆರಿಕದ ಚಾರ್ಲ್ಸ್ ಫ್ರೀಯರ್ 1904ರಲ್ಲಿ ಕೊಂಡು, ಹಲಗೆ ಹಲಗೆಯಾಗಿ ಬಿಚ್ಚಿಸಿ ಡೆಟ್ರಾಯಿಟಿಗೆ ಸಾಗಿಸಿದ. 1923ರಿಂದ ಅದು ವಾಷಿಂಗ್ಟನ್ನಿನ ಫ್ರೀಯರ್ ಗ್ಯಾಲರಿಯಲ್ಲಿದೆ. ಶೆಲ್ಫುಗಳ ತುಂಬ ಪಿಂಗಾಣಿ ಇದೆ, ನವಿಲುಗಳಿವೆ. ಊಟದ ಮೇಜಿಲ್ಲ.

ಊಟದ ಜಾಗದ ದೊಡ್ಡ ಚಿತ್ರಗಳಿಗೆಲ್ಲ ಬಹುಶಃ ಇದೇ ಗತಿ. ಮಾರ್ಕ್ ರಾಥ್ಕೋ 1958ರಲ್ಲಿ ನ್ಯೂಯಾರ್ಕಿನ ಫೋರ್ ಸೀಸನ್ಸ್ ರೆಸ್ಟೋರೆಂಟಿನ ಗೋಡೆಗಳಿಗೆ ಚಿತ್ರ ಬರೆದುಕೊಡಲು ಒಪ್ಪಿದ. ಅಲ್ಲಿ ಉಣ್ಣುವ ಸಿರಿವಂತರ ಹಸಿವು ಕೆಡಿಸುವುದೇ ತನ್ನ ಉದ್ದೇಶ ಎಂದು ಪ್ರಯಾಣದಲ್ಲಿ ಸಿಕ್ಕ ಒಬ್ಬರ ಬಳಿ ಹೇಳಿದ್ದನಂತೆ. ಮರುವರ್ಷ ಹೆಂಡತಿಯೊಡನೆ ಅಲ್ಲಿಗೇ ಊಟಕ್ಕೆ ಹೋಗಿ ಬಂದವನು ಮುಂಗಡ ಹಣ ವಾಪಸು ಕೊಟ್ಟ. ಆ ಗೋಡೆಗಳಿಗೆಂದು ಬರೆದವುಗಳಲ್ಲಿ ಒಂಬತ್ತು ಚಿತ್ರಗಳು ಈಗ ಲಂಡನ್ನಿನ ಟೇಟ್ ಗ್ಯಾಲರಿಯಲ್ಲಿವೆ. ಮಿಲಾನಿನಲ್ಲಿ ಲಿಯೊನಾರ್ಡೊ ‘ಕೊನೆಯ ಭೋಜನ’ವನ್ನು ಬರೆದದ್ದು ಸನ್ಯಾಸಿಗಳ ಊಟದ ಮನೆಯ ಗೋಡೆಗೆ. ಹಸಿ ಗಾರೆಯ ಮೇಲೆ ಬರೆಯುವ ಪದ್ಧತಿ ಬಿಟ್ಟು ಒಣಗಿದ ಗೋಡೆಯ ಮೇಲೆ ಬರೆದ. ಕೆಲವೇ ದಶಕಗಳಲ್ಲಿ ಬಣ್ಣ ಹಕ್ಕಳೆ ಎದ್ದಿತು. 1652ರಲ್ಲಿ ಅದೇ ಗೋಡೆಯಲ್ಲಿ ಬಾಗಿಲು ಕೊರೆಸಿದಾಗ ಏಸುವಿನ ಪಾದಗಳೇ ಹೋದವು. ಕಲಾಪ್ರಿಯರು ಈಗಲೂ ಆ ಸನ್ಯಾಸಿಗಳನ್ನು ಶಪಿಸುತ್ತಾರೆ. ನಾನೂ ಶಪಿಸುತ್ತೇನೆ, ಆದರೆ ಅವರಿಗೆ ಅದು ಬಾಗಿಲು ಬೇಕಾದ ಊಟದ ಮನೆ. ಈಗ ಅಲ್ಲಿ ನಿಂತು ನೋಡಲು ನಮಗೆ ಸಿಗುವುದು 15 ನಿಮಿಷ.

ಹೊಂದಿಕೊಂಡು ಬಾಳಿದ ಗೋಡೆ ನೋಡಬೇಕೆಂದರೆ ಚಿತ್ರಕಾರ ಕ್ಲಾಡ್ ಮೊನೆ 1883ರಿಂದ ಇದ್ದ, ಫ್ರಾನ್ಸಿನ ಜಿವರ್ನಿಯ ಮನೆಗೆ ಹೋಗಬೇಕು. ಊಟದ ಕೋಣೆಯ ಗೋಡೆ, ಬಾಗಿಲು, ಕಪಾಟು ಎಲ್ಲಕ್ಕೂ ಎರಡು ಬಗೆಯ ಹಳದಿ. ಅದರ ಮೇಲೆ ಜಪಾನೀ ಮರದಚ್ಚಿನ ಚಿತ್ರಗಳ ಸಾಲು. ತನ್ನದೇ ಚಿತ್ರಗಳನ್ನು ತೂಗಿಸಿಕೊಳ್ಳದ ಅವನ ವಿವೇಕವನ್ನು ಮೆಚ್ಚಬೇಕು. ಪಕ್ಕದ ಅಡುಗೆಮನೆಗೆ ನೀಲಿ ಹಂಚು. ಬಾಗಿಲು ತೆರೆದಾಗ ಹಳದಿಯ ಆಚೆ ಆ ನೀಲಿ ಕಾಣುತ್ತದೆ. ಒಂದು ಗೋಡೆಯನ್ನಷ್ಟೇ ಎತ್ತಿ ಕಟ್ಟುವ ಗೋಜಿಗೆ ಅವನು ಹೋಗಲಿಲ್ಲ.

ಇಷ್ಟೆಲ್ಲ ಕೇಳಿಯೂ ಮಗಳ ಬೆರಳು ನವಿಲುನೀಲಿ ಬಿಟ್ಟು ಕದಲಲಿಲ್ಲ. ಪೇಂಟರೇ ದಾರಿ ತೋರಿಸಿದರು: “ಸ್ಯಾಂಪಲ್ ಹೊಡೆದು ಬಿಡ್ತೀನಿ ಸಾರ್, ರಾತ್ರಿ ನೋಡಿ.” ನೀಲಿ, ಪಾಚಿಹಸಿರು, ಕೆಮ್ಮಣ್ಣಿನ ಕೆಂಪು ಮೂರನ್ನೂ ಮೂರು ಮೂರು ಅಡಿ ಬಳಿದು ಹೋದರು. ಬೆಳಗಿನ ಬಿಸಿಲಿನಲ್ಲಿ ನೀಲಿಗೆ ಸಾಟಿಯಿರಲಿಲ್ಲ. ಸಂಜೆ ಮೇಜಿನ ಮೇಲಿನ ಹಳದಿ ದೀಪ ಹಾಕಿದಾಗ ಅದು ಬಾವಿಯ ಹಾಗೆ ಕಪ್ಪಾಯಿತು. ಹಳದಿ ಬೆಳಕಿನಲ್ಲಿ ನೀಲಿಯ ಪಾಲು ಕಡಿಮೆ, ಗೋಡೆ ತಿರುಗಿ ಕೊಡಲು ಅದರ ಬಳಿ ಏನೂ ಉಳಿಯುವುದಿಲ್ಲ. ಕೆಮ್ಮಣ್ಣು ಮಾತ್ರ ಆ ದೀಪಕ್ಕೆ ಕೆಂಡದ ಹಾಗೆ ಎದ್ದಿತು. ಮಗಳು ಅದರ ಮುಂದೆ ತಟ್ಟೆ ಹಿಡಿದು ಕೂತಳು. ಅವಳ ಮುಖದ ಬಣ್ಣಕ್ಕೆ ಆ ಕೆಂಪು ಎಷ್ಟು ಒಪ್ಪಿತೆಂದರೆ, ಪೇಂಟರ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು. ಹೈಲೈಟ್ ಹೋಗಬೇಕಾದದ್ದು ಮನೆಯವರು ಹೆಚ್ಚು ಹೊತ್ತು ಕೂರುವ ಕುರ್ಚಿಗಳ ಬೆನ್ನ ಹಿಂದಿನ ಗೋಡೆಗೆ.

ಚಿತ್ರದ ವಿಷಯದಲ್ಲಿ ಒಂದು ತಪ್ಪು ಎಲ್ಲ ಮನೆಗಳಲ್ಲೂ ಕಾಣುತ್ತೇನೆ. ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು 57ರಿಂದ 60 ಇಂಚು ಎತ್ತರದಲ್ಲಿರುತ್ತದೆ. ಅದು ನಿಂತು ನೋಡುವವರ ಲೆಕ್ಕ. ಊಟದ ಕೋಣೆಯಲ್ಲಿ ಕೂತು ನೋಡುತ್ತೇವೆ. ಮೊಳೆ ಅರ್ಧ ಅಡಿಯಾದರೂ ಕೆಳಗೆ ಬರಬೇಕು. ಗಾಜು ಹಾಕಿಸಿದರೆ ಚಿತ್ರದ ಬದಲು ದೀಪ ಕಾಣುತ್ತದೆ, ಗಾಜಿಲ್ಲದಿದ್ದರೆ ಒಗ್ಗರಣೆಯ ಜಿಡ್ಡು ಕೂರುತ್ತದೆ. ನಮ್ಮ ಅಡುಗೆಗೆ ಜಿಡ್ಡೇ ದೊಡ್ಡ ಶತ್ರು. ಗಾಜು ಹಾಕಿಸಿ, ದೀಪವನ್ನು ಆಚೀಚೆ ಸರಿಸಿ. ಗೋಡೆಗೆ ಒರೆಸಲು ಬರುವ ಎಮಲ್ಷನ್ನನ್ನೇ ಕೇಳಿ. ಅರಿಶಿನದ ಕೈ ಒಂದಲ್ಲ ಒಂದು ದಿನ ತಗಲಿಯೇ ತಗಲುತ್ತದೆ.

ನೀವೂ ಬಣ್ಣ ಹೊಡೆಸುವವರಿದ್ದರೆ ಶೇಡ್ ಕಾರ್ಡ್ ನೋಡಿ ಒಪ್ಪಿಗೆ ಕೊಡಬೇಡಿ. ಮೂರಡಿ ಬಳಿಸಿ, ರಾತ್ರಿ ಊಟದ ಹೊತ್ತಿಗೆ ದೀಪ ಹಾಕಿ, ಮನೆಯವರೊಬ್ಬರನ್ನು ಅದರ ಮುಂದೆ ಕೂರಿಸಿ ನೋಡಿ. ಡಬ್ಬ ತೆರೆಸುವುದು ಆಮೇಲೆ.